ನೆಲದಡಿಯ ಶಾಫ್ಟು, ಬೀಗ ಹಾಕಿದ ಬಾಗಿಲು

1948ರ ಕಾರ್ಖಾನೆ ಕಾಯಿದೆಯ ಅಡಿಯಲ್ಲಿ ರಾಜ್ಯಗಳು ರಚಿಸಿಕೊಂಡ ನಿಯಮಗಳಲ್ಲಿ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಿಗೆಂದೇ ಬರೆದ ಒಂದು ಕಟ್ಟಳೆ ಇತ್ತು. ಜಿನ್ನುಗಳನ್ನು ನಡೆಸುವ ಮುಖ್ಯ ಶಾಫ್ಟು ನೆಲಮಟ್ಟಕ್ಕಿಂತ ಕೆಳಗಿದ್ದರೆ ಅದರ ಸುತ್ತ ಎಡೆಬಿಡದ ಗೋಡೆ ಇಲ್ಲವೇ ಹತ್ತಲಾಗದ ಬೇಲಿ ಇರಬೇಕು. ಹತ್ತಿಕಾಳು ತೆಗೆಯಲು, ಶುಚಿ ಮಾಡಲು, ಎಣ್ಣೆ ಹಾಕಲು ಎಷ್ಟು ಬೇಕೋ ಅಷ್ಟೇ ಬಾಗಿಲುಗಳಿರಬೇಕು. ಆ ಬಾಗಿಲುಗಳನ್ನು ಮುಚ್ಚಿ ಬೀಗ ಹಾಕಿರಬೇಕು.

ನುಣುಪಾದ, ದುಂಡನೆಯ ಒಂದು ಉಕ್ಕಿನ ಸರಳಿಗೆ ಖಜಾನೆಗೆ ಹಾಕುವಂತೆ ಬೀಗವೇಕೆ? ಅದಕ್ಕೆ ಹಲ್ಲಿಲ್ಲ, ಅಲಗಿಲ್ಲ. ಅದು ತಿರುಗುವ ವೇಗವೂ ಅಂಥ ಭಯ ಹುಟ್ಟಿಸುವಂಥದ್ದಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಲು ಘರ್ಷಣೆಯ ಒಂದು ಸೂತ್ರ ಬೇಕು. ಉತ್ತರ ಗೊತ್ತಿದ್ದೂ ಕಾನೂನು ಜಿನ್ನಿನ ಬಾಗಿಲಿಗೆ ಬರಲು ಏಕೆ ಅಷ್ಟು ತಡವಾಯಿತು ಎಂದು ತಿಳಿಯಲು ಹುಬ್ಬಳ್ಳಿ-ಧಾರವಾಡದ ಹತ್ತಿಯ ಇತಿಹಾಸ ಬೇಕು. ಇತಿಹಾಸದಿಂದಲೇ ಆರಂಭಿಸೋಣ.

ಮೊದಲು ಹತ್ತಿಗೆ ರಕ್ಷಣೆ

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಹತ್ತಿ ಹೊಸ ಬೆಳೆಯೇನಲ್ಲ. ಇಲ್ಲಿನ ನಾಡಹತ್ತಿಯನ್ನು ಕಾಳಿನಿಂದ ಬೇರ್ಪಡಿಸುತ್ತಿದ್ದುದು ಕಾಲುರುಳೆಯಿಂದ. ಹೆಂಗಸು ಗಿಡ್ಡ ಮಣೆಯ ಮೇಲೆ ಕುಳಿತು, ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಣ್ಣ ಸರಳನ್ನು ಪಾದದಿಂದ ಹೊರಳಿಸುವಳು. ಅರಳೆ ಒಂದು ಕಡೆ, ಕಾಳು ಇನ್ನೊಂದು ಕಡೆ. ಭೌತಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ್ದು ಒಂದೇ: ಯಂತ್ರಕ್ಕೆ ಶಕ್ತಿ ಕೊಡುವವಳೂ ಅವಳೇ, ನೋವಾದರೆ ನಿಲ್ಲಿಸುವವಳೂ ಅವಳೇ. ಬೆರಳು ಸಿಕ್ಕಿದರೆ ಸರಳು ತಾನಾಗಿ ನಿಲ್ಲುತ್ತದೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿಕೊಂಡಿತು. ಆ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗಕ್ಷೇತ್ರ ನಡೆಯಿತು. ಅಲ್ಲಿಂದ ಹರಡಿದ ನ್ಯೂ ಆರ್ಲಿಯನ್ಸ್ ತಳಿ ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. ಇದರ ಕಾಳಿಗೆ ಎಳೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕಾಲುರುಳೆ ಸಾಲದು, ಗರಗಸದ ಜಿನ್ನು ಬೇಕು. ಎಲಿ ವಿಟ್ನಿ 1793ರಲ್ಲಿ ರೂಪಿಸಿದ ಯಂತ್ರದ ವಂಶಕ್ಕೆ ಸೇರಿದ್ದು ಇದು. ಸಾಲಾಗಿ ನಿಂತ ದುಂಡು ಗರಗಸಗಳು ಸಣ್ಣ ಸಂದುಗಳ ಮೂಲಕ ಎಳೆಯನ್ನು ಜಗ್ಗುತ್ತವೆ, ಸಂದಿನಲ್ಲಿ ತೂರದ ಕಾಳು ಈಚೆಗೇ ಉಳಿಯುತ್ತದೆ. ಇಂಥ ಜಿನ್ನುಗಳನ್ನು ತಯಾರಿಸಲು, ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆಯೊಂದು ನಡೆಯಿತು. ಅದನ್ನು ನೋಡಿಕೊಂಡವರು ಡಾ. ಫೋರ್ಬ್ಸ್.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಯ ಬೆಲೆ ಗಗನಕ್ಕೇರಿತು. ಕಲಬೆರಕೆಯೂ ಏರಿತು. ಅಂಡಿಗೆಯೊಳಗೆ ಕಾಳು, ಮಣ್ಣು, ಬೇರೆ ಬೇರೆ ತಳಿಯ ಹತ್ತಿ. ಹತ್ತಿಯ ಮೋಸ ತಡೆಯಲು ಮುಂಬಯಿ ಸರ್ಕಾರ 1829ರಲ್ಲೇ ಒಂದು ರೆಗ್ಯುಲೇಷನ್ ತಂದಿತ್ತು. 1863ರಲ್ಲಿ ಇನ್ನೂ ಬಿಗಿಯಾದ ಹತ್ತಿ ವಂಚನೆ ಕಾಯಿದೆ ಬಂತು, ಅದರ ಬೆನ್ನಿಗೆ ನಿರೀಕ್ಷಕರೂ ಬಂದರು. ಧಾರವಾಡದ ಹತ್ತಿ ಉದ್ಯಮಕ್ಕೆ ಕಾಲಿಟ್ಟ ಮೊದಲ ಸರ್ಕಾರಿ ನಿರೀಕ್ಷಕ ಅಂಡಿಗೆಯೊಳಗೆ ಏನಿದೆ ಎಂದು ನೋಡಲು ಬಂದವನು. ಜಿನ್ನಿನೊಳಗೆ ಯಾರ ಕೈ ಇದೆ ಎಂದು ನೋಡುವ ಕೆಲಸ ಅವನದಾಗಿರಲಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗು, ಹುಬ್ಬಳ್ಳಿಗಳನ್ನು ಮುಟ್ಟಿತು. ಕಲ್ಲಿದ್ದಲು ಬರತೊಡಗಿತು, ಒತ್ತಿದ ಬೇಲುಗಳು ಹೊರಟವು. ಉಗಿಯಂತ್ರದ ಜಿನ್ನು-ಪ್ರೆಸ್ಸುಗಳು ಬೆಳೆದವು. ಒಂದು ಎಂಜಿನ್, ಅದಕ್ಕೊಂದು ಉದ್ದನೆಯ ಶಾಫ್ಟು, ಶಾಫ್ಟಿನಿಂದ ಪ್ರತಿ ಜಿನ್ನಿಗೂ ಒಂದೊಂದು ಪಟ್ಟಿ. ಜಿನ್ನುಗಳು ಮೇಲೆ ಅಟ್ಟದಂಥ ನೆಲದಲ್ಲಿ ಸಾಲಾಗಿ ನಿಂತರೆ ಶಾಫ್ಟು ಅದರ ಕೆಳಗೆ. ಕಾಳು ಬೀಳುವುದೂ ಅಲ್ಲಿಗೇ. ಬಿದ್ದ ಕಾಳನ್ನು ಬಳಿದು ಬುಟ್ಟಿಗೆ ತುಂಬಲು ಯಾರಾದರೂ ಆ ಕತ್ತಲೆಯೊಳಗೆ ಬಗ್ಗಿ ಹೋಗಲೇಬೇಕು. ಹೋಗುತ್ತಿದ್ದವರು ಹೆಚ್ಚಾಗಿ ಸೀರೆಯುಟ್ಟ ಹೆಂಗಸರು.

ಸೆರಗಿನ ಲೆಕ್ಕ

ಈಗ ಘರ್ಷಣೆಯ ವಿಷಯಕ್ಕೆ ಬರೋಣ. ಕಂಬಕ್ಕೆ ಸುತ್ತಿದ ಹಗ್ಗದ ಲೆಕ್ಕ ಪದವಿ ತರಗತಿಗಳ ಯಂತ್ರಶಾಸ್ತ್ರದಲ್ಲಿ ಬರುತ್ತದೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕೊಡುವ ಉದಾಹರಣೆ ಬಂದರಿನಲ್ಲಿ ಹಡಗು ಕಟ್ಟುವುದು. ಎರೆಸೀಮೆಯ ಹುಡುಗರಿಗೆ ಹಡಗಿಗಿಂತ ಜಿನ್ನು ಹತ್ತಿರ, ಆದರೂ ಪಠ್ಯಪುಸ್ತಕ ಬರೆಯುವವರಿಗೆ ಅದು ಯಾಕೋ ಹೊಳೆದಿಲ್ಲ.

ಸೂತ್ರದ ಸಾರ ಇಷ್ಟು. ದುಂಡು ಸರಳಿಗೆ ಸುತ್ತಿದ ಹಗ್ಗದ ಒಂದು ತುದಿಯ ಸಣ್ಣ ಎಳೆತ, ಇನ್ನೊಂದು ತುದಿಯ ದೊಡ್ಡ ಎಳೆತವನ್ನು ತಡೆದು ನಿಲ್ಲಿಸಬಲ್ಲದು. ಎಷ್ಟು ಪಟ್ಟು ದೊಡ್ಡದು ಎಂಬುದು ಘರ್ಷಣ ಗುಣಾಂಕ ಮತ್ತು ಸುತ್ತಿದ ಕೋನ, ಇವೆರಡರ ಗುಣಲಬ್ಧದೊಡನೆ ಘಾತೀಯವಾಗಿ ಬೆಳೆಯುತ್ತದೆ. ಸರಳಿನ ದಪ್ಪಕ್ಕೆ ಇಲ್ಲಿ ಲೆಕ್ಕವೇ ಇಲ್ಲ. ಪೆನ್ಸಿಲ್ಲಾದರೂ ಅಷ್ಟೇ, ಕಂಬವಾದರೂ ಅಷ್ಟೇ.

ಹತ್ತಿ ಬಟ್ಟೆ ಮತ್ತು ಉಕ್ಕಿನ ನಡುವಣ ಘರ್ಷಣ ಗುಣಾಂಕ 0.3 ಎಂದಿಟ್ಟುಕೊಳ್ಳೋಣ. ಒಂದು ಪೂರ್ತಿ ಸುತ್ತಿಗೆ ಎಳೆತ ಸುಮಾರು 6.6 ಪಟ್ಟಾಗುತ್ತದೆ. ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 285, ನಾಲ್ಕಕ್ಕೆ ಸುಮಾರು 1,880. ಶಾಫ್ಟಿಗೆ ತಾಗಿದ ಸೆರಗಿನ ಅಂಚನ್ನು ಎಣ್ಣೆಯ ಜಿಡ್ಡು, ಅರಳೆಯ ನಯ, ಇಲ್ಲವೇ ಹೊರಚಾಚಿದ ಒಂದು ಸ್ಕ್ರೂ ಕೇವಲ 100 ಗ್ರಾಂ ತೂಕದಷ್ಟು ಬಲದಿಂದ ಹಿಡಿದಿದೆ ಎನ್ನಿ. ಒಂದು ಸುತ್ತಿಗೆ ಅದು ಮುಕ್ಕಾಲು ಕಿಲೋಗ್ರಾಂ ತೂಕವನ್ನೂ ಎಳೆಯಲಾರದು, ಕೊಸರಿಕೊಳ್ಳಬಹುದು. ಎರಡು ಸುತ್ತಿಗೆ ನಾಲ್ಕು ಕಿಲೋಗ್ರಾಂ ದಾಟುತ್ತದೆ. ಮೂರನೆಯ ಸುತ್ತಿಗೆ 28 ಕಿಲೋಗ್ರಾಂ. ನಾಲ್ಕನೆಯದಕ್ಕೆ 188 ಕಿಲೋಗ್ರಾಂ ತೂಕದಷ್ಟು ಎಳೆತ, ಅಂದರೆ ಇಬ್ಬರು ಮೂವರು ಆಳುಗಳ ಭಾರ. ವಾಸ್ತವದಲ್ಲಿ ಬಟ್ಟೆ ತನ್ನ ಮೇಲೆ ತಾನೇ ಸುತ್ತಿಕೊಂಡು ಒಳಪದರವನ್ನು ಅದುಮುವುದರಿಂದ ಹಿಡಿತ ಇದಕ್ಕಿಂತ ಬೇಗ ಬಿಗಿಯುತ್ತದೆ.

ಕಾಲದ ಲೆಕ್ಕವನ್ನೂ ನೋಡಿ. 75 ಮಿಲಿಮೀಟರ್ ವ್ಯಾಸದ ಶಾಫ್ಟು ನಿಮಿಷಕ್ಕೆ 250 ಸುತ್ತು ತಿರುಗಿದರೆ ಅದರ ಮೈಯ ವೇಗ ಸೆಕೆಂಡಿಗೆ ಒಂದು ಮೀಟರಿನ ಸುತ್ತಮುತ್ತ. ನಾವು ನಿಧಾನವಾಗಿ ನಡೆಯುವ ವೇಗವದು, ಅದಕ್ಕೇ ಶಾಫ್ಟು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ನಾಲ್ಕು ಸುತ್ತಿಗೆ ಬೇಕಾಗುವುದು ಒಂದು ಸೆಕೆಂಡಿಗೂ ಕಡಿಮೆ. ಎಳೆತ ಮೈಗೆ ತಿಳಿದು, ಕೈ ಹಿಂದಕ್ಕೆ ಹೋಗುವಷ್ಟರಲ್ಲಿ ಕಾಲು ಸೆಕೆಂಡಾದರೂ ಕಳೆದಿರುತ್ತದೆ. ಕೂಗಿದ್ದು ಕೇಳಿ ಮೇಲಿನವರು ಎಂಜಿನ್ನಿನ ಕಡೆ ಓಡಬೇಕು. ಉಗಿ ನಿಲ್ಲಿಸಿದರೂ ಫ್ಲೈವೀಲು, ಶಾಫ್ಟು, ಹತ್ತಾರು ರಾಟೆಗಳ ಜಡತ್ವ ಇನ್ನೂ ಹಲವು ಸುತ್ತುಗಳನ್ನು ಹಾಕಿಸಿಯೇ ಬಿಡುತ್ತದೆ. ‘ಎಚ್ಚರದಿಂದಿರಿ’ ಎಂಬ ಫಲಕ ಈ ಒಂದು ಸೆಕೆಂಡಿನಲ್ಲಿ ಏನು ಮಾಡೀತು? ಗೋಡೆ ಮತ್ತು ಬೀಗದ ಹಿಂದಿರುವ ಲೆಕ್ಕಾಚಾರ ಇದೇ.

ಶಿಕ್ಷಕರು ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಪೆನ್ಸಿಲ್ಲನ್ನು ಮೇಜಿನಂಚಿಗೆ ಅಡ್ಡಲಾಗಿ ಬಿಗಿಯಿರಿ. ಹತ್ತಿಯ ದಾರದ ಒಂದು ತುದಿಗೆ ಬೀಗದಕೈ, ಇನ್ನೊಂದಕ್ಕೆ ಸಣ್ಣ ಡಬ್ಬಿ ಕಟ್ಟಿ, ದಾರವನ್ನು ಪೆನ್ಸಿಲ್ಲಿನ ಮೇಲೆ ಹಾಯಿಸಿ. ದಾರ ಜಾರತೊಡಗುವವರೆಗೆ ಡಬ್ಬಿಗೆ ನೀರು ಹಾಕಿ ತೂಗಿರಿ. ಒಂದು ಸುತ್ತು ಹೆಚ್ಚಿಸಿ ಮತ್ತೆ ಮಾಡಿ. ಪ್ರತಿ ಹೊಸ ಸುತ್ತಿಗೂ ತೂಕ ಹೆಚ್ಚುಕಡಿಮೆ ಒಂದೇ ಪಟ್ಟಿನಲ್ಲಿ ಏರುವುದನ್ನು, ಅಂದರೆ ಗುಣೋತ್ತರ ಶ್ರೇಢಿಯನ್ನು, ಮಕ್ಕಳು ಕಣ್ಣಾರೆ ನೋಡಬಹುದು. ಮೂರನೆಯ ಸುತ್ತಿಗೆ ಡಬ್ಬಿ ಸಾಲದೆ ಬಿಂದಿಗೆ ಬೇಕಾದೀತು.

ತಲೆಯ ಮೇಲಿನ ಶಾಫ್ಟು, ಕಾಲಡಿಯ ಶಾಫ್ಟು

ಇಂಗ್ಲೆಂಡಿನಲ್ಲಿ ಯಂತ್ರಗಳಿಗೆ ಕಟಕಟೆ ಹಾಕಬೇಕೆಂಬ ಕಾನೂನು 1844ರಲ್ಲಿ ಬಂತು. ಆದರೆ ಏಳು ಅಡಿಗಿಂತ ಎತ್ತರದಲ್ಲಿರುವ ಶಾಫ್ಟು ಯಾರಿಗೆ ತಾಗುತ್ತದೆ ಎಂದು ಗಿರಣಿ ಮಾಲೀಕರು ವಾದಿಸಿದರು. ಎತ್ತರದ ಶಾಫ್ಟಿಗೂ ರಕ್ಷಣೆ ಬೇಕೆಂದು 1854ರಲ್ಲಿ ಪಟ್ಟುಹಿಡಿದವನು ನಿರೀಕ್ಷಕ ಲಿಯೊನಾರ್ಡ್ ಹಾರ್ನರ್. ಈತ ವೃತ್ತಿಯಿಂದ ನಿರೀಕ್ಷಕನಾದರೂ ಭೂವಿಜ್ಞಾನಿ, ರಾಯಲ್ ಸೊಸೈಟಿಯ ಫೆಲೊ, ಭೂವಿಜ್ಞಾನಿ ಚಾರ್ಲ್ಸ್ ಲಯಲ್‌ನ ಮಾವ. ಜಾರಿದ ಪಟ್ಟಿಯನ್ನು ರಾಟೆಗೆ ಏರಿಸಲು ಏಣಿ ಹತ್ತುವವರು ಇದ್ದೇ ಇರುತ್ತಾರೆ ಎಂಬುದು ಅವನ ಕಡೆಯ ವಾದದ ತಿರುಳು. ಮಾಲೀಕರು 1855ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಕಟ್ಟಿದರು. ಕಾದಂಬರಿಕಾರ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆ ಆ ಸಂಘವನ್ನು ಕಟುವಾಗಿ ಲೇವಡಿ ಮಾಡಿತು. ಆದರೂ 1856ರಲ್ಲಿ ಕಾನೂನು ಸಡಿಲಗೊಂಡಿತು. ವಿಜ್ಞಾನ ಹಾರ್ನರ್‌ನ ಪಕ್ಷದಲ್ಲಿತ್ತು, ಪಾರ್ಲಿಮೆಂಟು ಇರಲಿಲ್ಲ.

ಹೀಗೆ ನಮ್ಮ ಸೀಮೆಗೆ ಉಗಿಜಿನ್ನು ಬರುವ ಕಾಲಕ್ಕೆ ಶಾಫ್ಟಿನ ಅಪಾಯ ಮೂವತ್ತು ವರ್ಷಗಳ ಹಳೆಯ ಚರ್ಚೆಯಾಗಿತ್ತು. ಅಲ್ಲಿ ಅದು ತಲೆಯ ಮೇಲಿತ್ತು, ಇಲ್ಲಿ ಕಾಲಡಿಗೆ ಬಂದಿತ್ತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ ಅನ್ವಯಿಸಬೇಕಾಗಿದ್ದದ್ದು 1881ರ ಭಾರತೀಯ ಕಾರ್ಖಾನೆ ಕಾಯಿದೆ. ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿ ಅಪಾಯಕಾರಿ ಭಾಗಗಳಿಗೆ ಕಟಕಟೆ ಹಾಕಬೇಕು, ಅಪಘಾತಗಳನ್ನು ವರದಿ ಮಾಡಬೇಕು, ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದು ಅದು ಹೇಳಿತು. ಜೊತೆಗೆ ಇನ್ನೊಂದು ಷರತ್ತು: ಕಾರ್ಖಾನೆ ವರ್ಷದಲ್ಲಿ ನಾಲ್ಕು ತಿಂಗಳಿಗೆ ಕಡಿಮೆಯಿಲ್ಲದಂತೆ ನಡೆಯುತ್ತಿರಬೇಕು.

ಜಿನ್ನು ನಡೆಯುವುದು ಹತ್ತಿ ಬಿಡಿಸಿದ ಮೇಲೆ, ಮಳೆಗಾಲ ಹಿಡಿಯುವ ಮುನ್ನ. ಹೀಗಾಗಿ ಸಣ್ಣ ಹಂಗಾಮಿನ ಜಿನ್ನುಗಳು ಕಾಯಿದೆಯ ಸಂದಿನಿಂದ ಹೊರಗೇ ಉಳಿದವು. 1891ರಲ್ಲಿ ಜನರ ಸಂಖ್ಯೆಯನ್ನು 50ಕ್ಕೆ ಇಳಿಸಿದರು, ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿದರು. ನಾಲ್ಕು ತಿಂಗಳಿಗಿಂತ ಕಡಿಮೆ ನಡೆಯುವ ಹಂಗಾಮಿ ಕಾರ್ಖಾನೆಗಳನ್ನು ಕಾಯಿದೆಯೊಳಕ್ಕೆ ತಂದದ್ದು 1911ರಲ್ಲಿ. ಮೂವತ್ತು ವರ್ಷ ಹೀಗೆ ಕಳೆಯಿತು.

ನಾಲ್ಕು ತಿಂಗಳೆಂದರೆ ಅಪಾಯ ಕಡಿಮೆಯೇ? ಮೇಲಿನ ಶಾಫ್ಟನ್ನೇ ದಿನಕ್ಕೆ 12 ಗಂಟೆಯಂತೆ 120 ದಿನ ತಿರುಗಿಸಿದರೆ 2 ಕೋಟಿ 16 ಲಕ್ಷ ಸುತ್ತುಗಳಾಗುತ್ತವೆ. ಪ್ರಾಣಕ್ಕೆ ಸಂಚಕಾರ ತರಲು ಬೇಕಾದದ್ದು ಅವುಗಳಲ್ಲಿ ನಾಲ್ಕು. ಹಂಗಾಮಿ ಕೆಲಸದಲ್ಲಿ ಅಪಾಯ ಹೆಚ್ಚೆನ್ನಲು ಕಾರಣವೂ ಇದೆ. ವರ್ಷವಿಡೀ ನಡೆಯುವ ಗಿರಣಿಯಲ್ಲಿ ಆಳು ಯಂತ್ರದ ಗುಣ ಬಲ್ಲವನಾಗಿರುತ್ತಾನೆ. ಜಿನ್ನಿಗೆ ಪ್ರತಿ ಹಂಗಾಮಿಗೂ ಹೊಲದಿಂದ ನೇರವಾಗಿ ಹೊಸಬರು ಬರುತ್ತಾರೆ.

ಆದರೂ ಈ ‘ಹಂಗಾಮಿ’ ಎಂಬ ಹಣೆಪಟ್ಟಿ ಹೋಗಲಿಲ್ಲ. 1934ರ ಕಾರ್ಖಾನೆ ಕಾಯಿದೆ ಸದಾ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆ ಎಂದರೆ ಹಂಗಾಮಿ ಕಾರ್ಖಾನೆಗಳಿಗೆ 60 ಗಂಟೆ ಎಂದಿತು.

ಮಾಲೀಕನಿಗೆ ಹೇಳಿಕೊಡುವವರು ಯಾರು?

ಇಷ್ಟೆಲ್ಲ ಓದಿದ ಮೇಲೆ ಮಾಲೀಕರೆಲ್ಲ ಕಟುಕರೆಂಬ ಭಾವನೆ ಮೂಡಬಹುದು. ಅದು ಅನ್ಯಾಯ. ಹಳೆಯ ಕಾಲದ ಸಣ್ಣ ಜಿನ್ನಿನ ಮಾಲೀಕ ಹತ್ತಿಯ ವ್ಯಾಪಾರ ಬಲ್ಲವನು, ಯಂತ್ರಶಾಸ್ತ್ರ ಬಲ್ಲವನಲ್ಲ. ‘ಅಪಾಯಕಾರಿ ಭಾಗಗಳಿಗೆ ಕಟಕಟೆ ಹಾಕು’ ಎಂದರೆ ಯಾವ ಭಾಗ, ಎಷ್ಟು ಎತ್ತರ, ಯಾವ ಜಾಲರಿ? 1881ರ ಕಾಯಿದೆಯಲ್ಲಿ ಪ್ರತ್ಯೇಕ ನಿರೀಕ್ಷಕರಿಲ್ಲದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ನಿರೀಕ್ಷಕರು. ಕಂದಾಯ, ಕ್ಷಾಮ, ಖೂನಿ ಮೊಕದ್ದಮೆಗಳ ನಡುವೆ ಅವರು ಶಾಫ್ಟಿನ ವಿಚಾರದಲ್ಲಿ ಏನು ಸಲಹೆ ಕೊಟ್ಟಾರು?

ನನ್ನ ಅಭಿಪ್ರಾಯದಲ್ಲಿ ನಿಜವಾದ ತಿರುವು ಬಂದದ್ದು ಶಿಕ್ಷೆ ಹೆಚ್ಚಿದಾಗಲ್ಲ, ಕಾನೂನು ನಕ್ಷೆಯಂತೆ ಸ್ಪಷ್ಟವಾದಾಗ. 1945ರಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಗಳ ಮುಖ್ಯ ಸಲಹೆಗಾರರ ಕಚೇರಿಯನ್ನು ತೆರೆಯಿತು. ‘ಸಲಹೆ’ ಎಂಬ ಮಾತು ಹೆಸರಿನಲ್ಲೇ ಇದ್ದುದು ಗಮನಾರ್ಹ. ಮುಂದೆ ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈ, ಕೋಲ್ಕತ್ತ, ಕಾನ್ಪುರಗಳ ಪ್ರಾದೇಶಿಕ ಸಂಸ್ಥೆಗಳು ಇದೇ ಕಚೇರಿಯ ಆಶ್ರಯದಲ್ಲಿ ಬೆಳೆದವು. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಹುಟ್ಟಿತು. ಶಾಲೆಗಳಲ್ಲೂ ಆಚರಿಸುವ ರಾಷ್ಟ್ರೀಯ ಸುರಕ್ಷತಾ ದಿನದ ಮೂಲ ಅದು.

1948ರ ಕಾಯಿದೆಯನ್ನು ಭೌತಶಾಸ್ತ್ರದವರು ಓದಿದರೆ ಅದರಲ್ಲಿ ಘರ್ಷಣೆ, ಜಡತ್ವಗಳೇ ಕಾಣುತ್ತವೆ. ಬಳಸದಿರುವ ಪಟ್ಟಿಯನ್ನು ತಿರುಗುವ ಶಾಫ್ಟಿನ ಮೇಲೆ ಜೋತುಬಿಡಬಾರದು ಎಂದಿತು 24ನೆಯ ಕಲಮು. ಚಲಿಸುವ ಯಂತ್ರವನ್ನು ಪರೀಕ್ಷಿಸುವವನು ತರಬೇತಿ ಪಡೆದಿರಬೇಕು, ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಉಡುಪನ್ನು ಮಾಲೀಕನೇ ಕೊಡಬೇಕು ಎಂದಿತು 22ನೆಯ ಕಲಮು. ಸಡಿಲ ಬಟ್ಟೆ ಇಲ್ಲದಿದ್ದರೆ ಸುತ್ತಿಕೊಳ್ಳಲು ಏನೂ ಸಿಗದು.

ಎಲ್ಲಕ್ಕಿಂತ ಜಾಣತನದ್ದು 26ನೆಯ ಕಲಮು. ತಿರುಗುವ ಶಾಫ್ಟಿನ ಸೆಟ್ ಸ್ಕ್ರೂ, ಬೋಲ್ಟು, ಕೀಲಿಗಳ ತಲೆ ಹೊರಚಾಚದಂತೆ ಒಳಗೆ ಹುದುಗಿರಬೇಕು, ಇಲ್ಲವೇ ಮುಚ್ಚಿರಬೇಕು. ನಮ್ಮ ಲೆಕ್ಕದಲ್ಲಿ ಆ ಮೊದಲ 100 ಗ್ರಾಂ ಹಿಡಿತ ಎಲ್ಲಿಂದ ಬಂತೆಂದು ನೆನಪಿಸಿಕೊಳ್ಳಿ. ಇಂಥ ದೋಷವುಳ್ಳ ಯಂತ್ರವನ್ನು ಮಾರಿದವನಿಗೂ ಆ ಕಲಮು ಶಿಕ್ಷೆ ಇಟ್ಟಿತು. ಅಂದರೆ ಹುಬ್ಬಳ್ಳಿಯ ವ್ಯಾಪಾರಿ ಶಾಫ್ಟಿನ ಸೂತ್ರ ಕಲಿಯಬೇಕಾಗಿಲ್ಲ, ಯಂತ್ರ ತಯಾರಿಸುವವನು ಕಲಿತಿದ್ದರೆ ಸಾಕು. ಕಾನೂನು ಪಾಲಿಸಲು ಸಣ್ಣ ಮಾಲೀಕನಿಗೆ ಇದಕ್ಕಿಂತ ದೊಡ್ಡ ನೆರವು ಬೇರೆ ಕಾಣೆ. ಪೂರ್ಣಾವಧಿ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕೆಂಬ ಕಡ್ಡಾಯ ಇದ್ದದ್ದು ಸಾಮಾನ್ಯವಾಗಿ 1,000 ಕಾರ್ಮಿಕರಿರುವ ಕಾರ್ಖಾನೆಗೆ. ಸಾಧಾರಣ ಜಿನ್ನಿಗೆ ಆ ಸಂಖ್ಯೆ ದೂರದ ಮಾತು.

ಶಾಫ್ಟೇ ಇಲ್ಲದಿದ್ದರೆ?

ಬೇಲಿಗಿಂತ ಒಳ್ಳೆಯ ಉಪಾಯ ಅಪಾಯವನ್ನೇ ತೆಗೆದುಹಾಕುವುದು. ಪ್ರತಿ ಜಿನ್ನಿಗೂ ತನ್ನದೇ ವಿದ್ಯುತ್ ಮೋಟಾರು ಬಂದರೆ ಉದ್ದನೆಯ ಶಾಫ್ಟು ಬೇಕಾಗಿಲ್ಲ. ಕಾಳನ್ನು ಯಂತ್ರವೇ ಸಾಗಿಸಿದರೆ ಕೆಳಗೆ ಬಗ್ಗಿ ಹೋಗುವವರೂ ಬೇಕಾಗಿಲ್ಲ. ಜಿನ್ನು-ಪ್ರೆಸ್ಸುಗಳ ಆಧುನೀಕರಣಕ್ಕೆ ಸಹಾಯಧನ ಸಿಕ್ಕಿದ್ದು 2000ದ ಫೆಬ್ರುವರಿಯಲ್ಲಿ ಆರಂಭವಾದ ಹತ್ತಿ ತಂತ್ರಜ್ಞಾನ ಮಿಷನ್ನಿನಿಂದ. ಕಾಂಕ್ರೀಟು ಅಂಗಳ, ಗಾಳಿಯ ಕೊಳವೆಯಲ್ಲಿ ಹತ್ತಿ ಸಾಗಣೆ, ಬೆಂಕಿ ಆರಿಸುವ ಸಲಕರಣೆ ಎಲ್ಲ ಅದರಲ್ಲಿ ಸೇರಿದ್ದವು. ಮಿಷನ್ನಿನ ಮುಖ್ಯ ಗುರಿ ಏನೆಂದು ಕೇಳಿದರೆ ನಗು ಬಂದೀತು: ಅರಳೆಯಲ್ಲಿ ಕಸಕಡ್ಡಿ ಬೆರೆಯದಂತೆ ನೋಡಿಕೊಳ್ಳುವುದು. 1863ರಂತೆ ಮತ್ತೆ ಹತ್ತಿಯ ಶುದ್ಧಿಯೇ ಮೊದಲು. ಕೈಗೆ ರಕ್ಷಣೆ ಸಿಕ್ಕಿದ್ದು ಅದರ ನೆರಳಿನಲ್ಲಿ. ಸಿಕ್ಕಿತಲ್ಲ, ಇರಲಿ.

ಹಾಗೆಂದು ಜಿನ್ನು ನಿರಪಾಯವಾಯಿತೆಂದಲ್ಲ. ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕಟರ್ಕಿಯವರ ವರಲಕ್ಷ್ಮಿ (1972), ಜಯಲಕ್ಷ್ಮಿ (1981) ಸಂಕರ ತಳಿಗಳಂಥ ಉದ್ದೆಳೆಯ ಹತ್ತಿಗೆ ಗರಗಸಕ್ಕಿಂತ ಉರುಳೆಯ ಜಿನ್ನೇ ಲೇಸು, ಎಳೆ ತುಂಡಾಗುವುದು ಕಡಿಮೆ. ಆ ಉರುಳೆಗಳಿಗೆ ಹೊದಿಸುತ್ತಿದ್ದದ್ದು ಕ್ರೋಮ್ ಹದದ ತೊಗಲು. ಅದು ಸವೆದಂತೆ ಕ್ರೋಮಿಯಂ ಬೆರೆತ ಧೂಳು ಗಾಳಿಗೂ ಹತ್ತಿಗೂ ಸೇರುತ್ತದೆ. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆ, ಅಂದರೆ ಸಿರ್ಕಾಟ್, ಕ್ರೋಮಿಯಂ ಇಲ್ಲದ, ರಬ್ಬರು ಲೇಪಿಸಿದ ಹತ್ತಿಬಟ್ಟೆಯ ಉರುಳೆಯನ್ನು ರೂಪಿಸಿತು. ಅದರ ನಾಗಪುರದ ಕೇಂದ್ರ ಜಿನ್ನು ನಡೆಸುವವರಿಗೆ ತರಬೇತಿ ಕೊಡುತ್ತದೆ. ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಬಿಸಿನೋಸಿಸ್ ಬೇರೆಯೇ ಲೇಖನದ ವಿಷಯ.

ಹಳೆಯ ಕಾಯಿದೆ ಕೆಲವು ಅಪಾಯಗಳಿಗೆ ಕಂಡುಕೊಂಡ ಪರಿಹಾರವೆಂದರೆ ಹೆಂಗಸರನ್ನು ದೂರವಿಡುವುದು. ಹತ್ತಿ ಬಿಡಿಸುವ ಓಪನರ್ ನಡೆಯುವ ಪ್ರೆಸ್ಸಿನ ಭಾಗದಲ್ಲಿ ಹೆಂಗಸರೂ ಮಕ್ಕಳೂ ಕೆಲಸ ಮಾಡಬಾರದು, ನಡುವೆ ಸೂರಿನವರೆಗೆ ಗೋಡೆ ಇದ್ದರೆ ಮಾತ್ರ ಹತ್ತಿ ಊಡುವ ಬದಿಯಲ್ಲಿ ಇರಬಹುದು ಎಂದಿತ್ತು ಅದರ 27ನೆಯ ಕಲಮು. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆ ಆ ಕಾಯಿದೆಯ ಜಾಗಕ್ಕೆ ಬಂದಿದೆ. ಅದು ಎಲ್ಲ ಬಗೆಯ ಕೆಲಸಕ್ಕೂ ಹೆಂಗಸರಿಗೆ ಅವಕಾಶ ಕೊಡುತ್ತದೆ. ಇನ್ನು ಮೇಲೆ ಯಂತ್ರವನ್ನೇ ನಿರಪಾಯಗೊಳಿಸಬೇಕು ಎಂದು ಇದರ ಅರ್ಥ. ಯಂತ್ರಶಕ್ತಿ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ ಮಾತ್ರ 10ರಿಂದ 20ಕ್ಕೆ ಏರಿದೆ. ಶಾಫ್ಟಿಗೆ ತಲೆಯೆಣಿಕೆ ಬಾರದು.

ಇನ್ನು ಹಂಗಾಮು. 1948ರ ನೌಕರರ ರಾಜ್ಯ ವಿಮಾ ಕಾಯಿದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಹಂಗಾಮಿ ಎಂದರೆ ಯಾವುವು ಎಂಬ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗಿನ ಹೆಸರಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ವಿಮೆಯ ಅಧ್ಯಾಯ ಹಂಗಾಮಿ ಕಾರ್ಖಾನೆಗಳನ್ನು ಬಿಟ್ಟೇ ಅನ್ವಯಿಸುತ್ತದೆ.